ಮನೆಗೊಂದು ಕಲ್ಲು

೨೨ ಜೂನ್ ೨೦೦೯, ಸೋಮವಾರ

ನಾಲ್ಕಕ್ಕೆ ಹೋದ ಕರೆಂಟು ಇನ್ನೂ ಬಂದಿಲ್ಲ. ಓಣಿಯ ಮಗ್ಗಗಳೆಲ್ಲ ಬಾಯಿ ಮುಚ್ಚಿಕೊಂಡಿವೆ. ಕಂಡಿಕೆಗೆ ನೂಲು ಸುತ್ತುವ ನನ್ನ ಕೆಲಸವೂ ಅರ್ಧಕ್ಕೆ ನಿಂತಿತು. ಬನಹಟ್ಟಿಯಲ್ಲಿ ಮಗ್ಗ ನಿಂತರೆ ಮಾತ್ರ ಮನುಷ್ಯರ ಮಾತು ಕೇಳಿಸುತ್ತದೆ.

ಪ್ರೀತಿ ಇವತ್ತೂ ಒಂದೇ ರೊಟ್ಟಿ. ಅದರಲ್ಲೂ ಅರ್ಧ ನಾಯಿಗೆ. ನಾನು ನೋಡಿಲ್ಲ ಅಂದುಕೊಂಡಿದ್ದಾಳೆ. ಸಾಲೆಯಿಂದ ಬಂದವಳೇ ಕಟ್ಟೆಯ ಮೇಲೆ ಕೂತು ಜಮಖಂಡಿ ರಸ್ತೆ ನೋಡುತ್ತಾಳೆ. ಬಸ್ಸು ಬಂದಾಗೊಮ್ಮೆ ಕತ್ತು ಉದ್ದ ಮಾಡುತ್ತಾಳೆ. ಹೋದ ಮೇಲೆ ಮತ್ತೆ ಗಿಡ್ಡ.

ನನ್ನ ತಂಗಿ ಭಾಗವ್ವ ಇವಳನ್ನು ಬಿಟ್ಟು ಹೋಗಿ ಮೂರು ವಾರ ಆಯಿತು. ಅವಳಿಗೆ ಮೂವರು ಹೆಣ್ಣು, ಕೆಳಗೊಂದು ಗಂಡು. ನನಗೆ ಲಗ್ನವಾಗಿ ಹದಿನಾಲ್ಕು ವರ್ಷ, ಏನೂ ಇಲ್ಲ. ದತ್ತಕದ ಮಾತು ಆದದ್ದು ಇಷ್ಟು — ದೀಪಾವಳಿ ತನಕ ಇರಲಿ, ಆಮೇಲೆ ಮಗುವನ್ನೇ ಕೇಳುವುದು. ಅವಳಪ್ಪ ಸಿದರಾಯ ಎಲ್ಲರ ಮುಂದೆ ಹೇಳಿದ: "ಕೂಸು ಬರ್ತೀನಿ ಅಂದ್ರ ಸಾವಳಗಿಗೆ ಕರ್ಕೊಂಡು ಹೋಗ್ತೀನ್ರಿ. ಇರ್ತೀನಿ ಅಂದ್ರ ಪಾಡ್ಯಾದ ದಿನ ನಿಮ್ಮ ಉಡಿಯಾಗ ಹಾಕ್ತೀವಿ. ಒತ್ತಾಯ ಮಾತ್ರ ಬ್ಯಾಡ."

ಒತ್ತಾಯ ಯಾರು ಮಾಡುತ್ತಾರೆ. ಆದರೆ ಒಂದು ರೊಟ್ಟಿ ತಿನ್ನುವ ಮಗು ಇರುತ್ತೇನೆ ಅಂದೀತೇ... ಎಂಟು ವರ್ಷದವಳು. ನಾಲ್ಕು ತಿಂಗಳಿದೆ.

೨೮ ಜೂನ್, ರವಿವಾರ

ನನ್ನ ಗಂಡನ ಅಣ್ಣನ ಮಗ ಚಿದಾನಂದ ಬಂದಿದ್ದ. ಧಾರವಾಡದಲ್ಲಿ ಓದುತ್ತಾನೆ, ಅಂದರೆ ಓದುತ್ತಾನೆ ಅಂತ ಎಲ್ಲರೂ ಅಂದುಕೊಂಡಿದ್ದೇವೆ. ಹಾಸ್ಟೆಲಿನಲ್ಲಿ ಒಂದು ಆಟ ಕಲಿತಿದ್ದಾನೆ. ಜೇಬಿನಿಂದ ಒಂದು ದಾಳ ತೆಗೆದ — ನೇರಳೆ ಬಣ್ಣ, ಹಣ್ಣಿನಷ್ಟೇ ಗಾತ್ರ, ಇಪ್ಪತ್ತು ಮುಖ. ಮುಖಕ್ಕೊಂದು ನಂಬರು. ಪಗಡೆ ದಾಳ ನೋಡಿದ ಕಣ್ಣಿಗೆ ಇದು ಆಟದ ಸಾಮಾನು ಅನಿಸಲೇ ಇಲ್ಲ.

ಈ ಆಟಕ್ಕೆ ಮನೆ ದಾಟಿಸುವ ಕಾಯಿಗಳಿಲ್ಲ. ಗೆಲ್ಲುವುದೂ ಇಲ್ಲ, ಸೋಲುವುದೂ ಇಲ್ಲ. ಒಬ್ಬರು ಕಥೆ ನಡೆಸಬೇಕು, ಉಳಿದವರು ಆ ಕಥೆಯೊಳಗೆ ಒಬ್ಬೊಬ್ಬರಾಗಬೇಕು. ನಡೆಸುವವರು, "ನಿನ್ನ ಮುಂದೆ ಕಾಡಿದೆ, ನೀ ಏನ್ ಮಾಡ್ತಿ?" ಅನ್ನಬೇಕು. ಆಡುವವರು ಹೇಳಿದ್ದು ಆಗುತ್ತದೋ ಇಲ್ಲವೋ ಅಂತ ದಾಳ ಹೇಳುತ್ತದೆ. ದೊಡ್ಡ ನಂಬರು ಬಿದ್ದರೆ ಆಗುತ್ತದೆ, ಸಣ್ಣದು ಬಿದ್ದರೆ ಇಲ್ಲ.

"ನಡೆಸೋರು ಅಡ್ಡ ಏನರೆ ಇಟ್ಕೊಂಡು ಅದರ ಹಿಂದ ದಾಳ ಹಾಕಬೇಕು ಕಾಕು," ಅಂದ. "ಹುಡುಗ್ರಿಗೆ ಕಾಣಬಾರದು. ಕುತೂಹಲ ಇರ್ತೈತಿ. ಆದ್ರ ಬಿದ್ದದ್ದನ್ನ ಬಿದ್ದಂಗ ಹೇಳಬೇಕು ಮತ್ತ."

ಪ್ರೀತಿ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು. ನಾಲ್ಕು ವಾರದಲ್ಲಿ ಮೊದಲ ಸಲ ರಸ್ತೆಗೆ ಬೆನ್ನು ಮಾಡಿದ್ದಳು. ದಾಳ ಬಿಟ್ಟುಹೋಗು ಅಂತ ಚಿದಾನಂದನಿಗೆ ಹೇಳಿದೆ.

೫ ಜುಲೈ, ರವಿವಾರ

ಆಡಿಸಿದೆ. ನಗು ಬರುತ್ತದೆ, ನಲವತ್ತು ಹತ್ತಿರ ಬಂದ ಹೆಂಗಸು.

ಆರಕ್ಕೆ ಕರೆಂಟು ಹೋಯಿತು. ಕಂದೀಲು ಹಚ್ಚಿದೆ. ಪಕ್ಕದ ಮನೆಯ ಶೀತಲ್ ಬಂದಳು, ಒಂಬತ್ತು ವರ್ಷ, ಮಾತಿನ ಮಲ್ಲಿ. ಹಿಂದಿನ ಓಣಿಯ ಹಾಲೇಶನೂ ಬಂದ, ಏಳು ವರ್ಷ. ಅವನಪ್ಪ ಭೀಮಶಿ ಕುರಿ ಹಿಂಡು ಹೊಡೆದುಕೊಂಡು ಊರೂರು ತಿರುಗುತ್ತಾನೆ. ನಮ್ಮ ಮನೆಯವರ ಹತ್ತಿರ ಸೀರೆ ದಡಿಯ ಡಿಸೈನ್ ಬರೆಯುವ ಗ್ರಾಫ್ ಹಾಳೆ ಬೇಕಾದಷ್ಟಿವೆ. ಒಂದು ದೊಡ್ಡ ಹಾಳೆ ಕೇಳಿದೆ. "ಏನ್ ಮಾಡ್ತಿ?" ಅಂದರು. ಊರು ಮಾಡುತ್ತೇನೆ ಅಂದೆ. ಸುಮ್ಮನೆ ಕೊಟ್ಟರು. ಪಾಪದ ಮನುಷ್ಯ.

ಅದರ ಮೇಲೆ ಊರು ಬರೆದೆ. ಬಾವಿ, ಗುಡಿ, ಸಂತೆ, ಮಧ್ಯದಲ್ಲಿ ಅಡ್ಡಲಾಗಿ ಒಂದು ಹೊಳೆ. ಬೆನ್ನುನೋವಿಗೆ ಕಪಾಟಿಗೆ ಒರಗಿ ಕೂತೆ. ತವರಿನವರು ಲಗ್ನದಲ್ಲಿ ಕೊಟ್ಟ ಕಬ್ಬಿಣದ ಕಪಾಟು. ಬಣ್ಣ ಹೋದರೂ ಬಾಗಿಲ ಕನ್ನಡಿ ಇನ್ನೂ ಹೊಸದು. ಮುಂದೆ ಇವರ ಬರೆಯುವ ಪ್ಯಾಡ್ ಅಡ್ಡ ಇಟ್ಟೆ. ಅದರ ಹಿಂದೆ ಸ್ಟೀಲ್ ತಾಟು, ದಾಳ ಉರುಳಿ ಹೋಗದ ಹಾಗೆ.

ಯಾರ್‍ಯಾರು ಏನೇನು ಆಗುತ್ತೀರಿ ಅಂತ ಕೇಳಿದೆ. ಶೀತಲ್ ಪೊಲೀಸ್ ಮೇಡಂ. ಹಾಲೇಶ ಹುಲಿ. ಮನುಷ್ಯ ಆಗಬೇಕಪ್ಪಾ ಅಂದೆ. "ಮನುಷ್ಯಾ ದಿನಾ ಇರ್ತೀನಲ್ರಿ ಕಾಕು" ಅಂದ. ಅದೂ ಖರೆ.

ಪ್ರೀತಿ ಬಹಳ ಹೊತ್ತು ಯೋಚನೆ ಮಾಡಿದಳು. "ಗೌರಾ," ಅಂದಳು. ಯಾರವಳು? "ಒಬ್ಬಾಕಿ ಹುಡುಗಿ. ಬುಟ್ಟಿ ತುಂಬ ರೊಟ್ಟಿ ಇರ್ತಾವ. ದೂರ ಹೊಂಟಾಳ."

ಒಂದು ತಾಸು ಆಡಿದೆವು. ಗೌರಾ ಸಂತೆಯಲ್ಲಿ ಕಳ್ಳನನ್ನು ಹಿಡಿದಳು. ಆಡಿ ಮುಗಿಸಿ ಪ್ರೀತಿ ಮೂರು ರೊಟ್ಟಿ ತಿಂದಳು, ಪುಂಡಿಪಲ್ಲೆ ಎರಡು ಸಲ ಹಾಕಿಸಿಕೊಂಡಳು. ನಾನು ಒಳಗೆ ಹೋಗಿ ಅತ್ತೆ. ಸಂತೋಷಕ್ಕೆ.

೧೯ ಜುಲೈ, ರವಿವಾರ

ಈಗ ಕರೆಂಟು ಹೋಗುವುದನ್ನೇ ಕಾಯುತ್ತೇವೆ. ಇಡೀ ಊರು ಬೈಯುತ್ತದೆ, ನಮ್ಮ ಮನೆಯಲ್ಲಿ ಮೂರು ಮಕ್ಕಳು "ಹೋತು ಹೋತು" ಅಂತ ಓಡಿ ಬರುತ್ತವೆ.

ಇವತ್ತು ಗೌರಾ ಹೊಳೆ ದಂಡೆಗೆ ಬಂದಳು. "ಆ ಕಡೆ ಏನೈತಿ?" ಅಂತ ಪ್ರೀತಿ ಕೇಳಿದಳು. ನಾನು ಹಾಳೆಯ ಆ ಕಡೆ ಏನೂ ಬರೆದಿರಲಿಲ್ಲ.

"ಗೊತ್ತಿಲ್ಲ," ಅಂದೆ.

"ನನಗ ಗೊತ್ತೈತಿ. ಗೌರಾನ ಮನಿ ಐತಿ. ದಾಟಿಸ್ರಿ."

ಬನಹಟ್ಟಿಯಿಂದ ಜಮಖಂಡಿ, ಅಲ್ಲಿಂದ ಕೃಷ್ಣೆ ದಾಟಿದರೆ ಸಾವಳಗಿ. ಕೂಸಿನ ಕಣ್ಣಲ್ಲಿ ಆ ದಾರಿ ಅಷ್ಟೂ ಇತ್ತು. ನಾನು ಹೊಳೆಗೆ ನೀರು ಬಂದಿದೆ ಅಂದೆ. ಮುಂದಿನ ವಾರ ನೋಡೋಣ ಅಂದೆ. ಅದಕ್ಕೆ ದಾಳ ಹಾಕಬೇಕಿತ್ತು, ಹಾಕಲಿಲ್ಲ.

ಆಟ ತಾನೇ.

೨೬ ಜುಲೈ, ನಾಗರ ಪಂಚಮಿ

ಅವ್ವ ಅಪ್ಪ ಹೋದ ಮೇಲೆ ಭಾಗವ್ವನಿಗೆ ನನ್ನ ಮನೆಯೇ ತವರು. ಸಣ್ಣ ಗಂಡು ಕೂಸನ್ನು ಎತ್ತಿಕೊಂಡು ಬಂದಳು. ಅಳ್ಳಿಟ್ಟು, ತಂಬಿಟ್ಟು. ತೊಲೆಗೆ ಜೋಕಾಲಿ ಕಟ್ಟಿದೆವು. ಪ್ರೀತಿ ಇಡೀ ದಿನ ಅವ್ವನ ಸೀರೆ ಚುಂಗು ಬಿಡಲಿಲ್ಲ. ಜೋಕಾಲಿಯಲ್ಲೂ ಹಿಡಿದೇ ಕೂತಿದ್ದಳು.

ಸಂಜೆ ಭಾಗವ್ವ ಹೊರಟಾಗ ನಾನೇ ಹೇಳಿದೆ: "ಸಾಲಿ ತಪ್ಪತೈತಿ. ಈಗ ಕರ್ಕೊಂಡು ಹೋಗಿ ಮತ್ತ ಬಿಟ್ರ ಹೊಂದಿಕೊಳ್ಳೂದು ಕಷ್ಟ."

ಭಾಗವ್ವ ಸೀರೆ ಚುಂಗು ಬಿಡಿಸಿಕೊಂಡಳು. ಪ್ರೀತಿ ಅಳಲಿಲ್ಲ. ಬಸ್ಸು ಹೋದ ಮೇಲೆ, "ಆಡೋಣ್ರಿ ದೊಡ್ಡವ್ವ," ಅಂದಳು.

ಗೌರಾ ದೋಣಿ ಕೇಳಿದಳು. ಕೊಟ್ಟೆ. ನಡುಹೊಳೆಯಲ್ಲಿ ದೋಣಿಗೆ ತೂತು ಬಿತ್ತು, ಈಜಿ ತಿರುಗಿ ಬಂದಳು. ದಾಳ ಆರು ಹೇಳಿತ್ತು. ಅದು ಮಾತ್ರ ಖರೆ. ಆರೇ ಬಿದ್ದಿತ್ತು. ಆದರೆ ಆರು ಬಿದ್ದದ್ದಕ್ಕೆ ನನಗೆ ಆದ ಸಮಾಧಾನ ಇದೆಯಲ್ಲ, ಅದನ್ನು ಇಲ್ಲಿ ಬರೆಯುವುದಕ್ಕೂ ನಾಚಿಕೆ.

೧೬ ಆಗಸ್ಟ್, ರವಿವಾರ

ರವಿವಾರ ಸಾವಳಗಿಗೆ ಫೋನು. ಪ್ರೀತಿಯ ಅಜ್ಜ ಹಣಮಪ್ಪ ಲೈನಿಗೆ ಬಂದರು. ಇವಳು ಕೇಳಿದ್ದು ಒಂದೇ ಪ್ರಶ್ನೆ: "ಅಜ್ಜಾ, ದೋಣಿ ಇಲ್ಲದಽ ಹೊಳಿ ಹೆಂಗ ದಾಟೂದು?"

ಮುದುಕನಿಗೆ ಅಷ್ಟೇ ಸಾಕಾಯಿತು. ಚಿಕ್ಕಪಡಸಲಗಿಯಲ್ಲಿ ರೈತರೆಲ್ಲ ಕೂಡಿ ಕೃಷ್ಣೆಗೆ ಅಡ್ಡ ಬ್ಯಾರೇಜು ಕಟ್ಟಿದ್ದು, ತಾನೂ ಎತ್ತಿನ ಬಂಡಿ ಹೂಡಿಕೊಂಡು ಕಲ್ಲು ಹೊರಲು ಹೋಗಿದ್ದು, ಹೆಣ್ಣುಮಕ್ಕಳು ಬುಟ್ಟಿಯಲ್ಲಿ ರೊಟ್ಟಿ ಹೊತ್ತು ಬರುತ್ತಿದ್ದದ್ದು. ಸ್ಪೀಕರ್ ಹಾಕದಿದ್ದರೂ ನನಗೆ ಕೇಳುತ್ತಿತ್ತು. "ಸರಕಾರದ ದಾರಿ ಕಾಯ್ಕೋತ ಕುಂತಿದ್ರ ಇನ್ನೂ ಕುಂತಿರತಿದ್ವಿ ಮಗಾ. ಮನಿಗೊಂದು ಕಲ್ಲು ಅಂದ್ರ ಎಷ್ಟಾತು ಹೇಳು?"

ಸಂಜೆ ಗೌರಾ ದೋಣಿ ಕೇಳಲಿಲ್ಲ. ಮೊದಲ ಮನೆಯ ಬಾಗಿಲು ತಟ್ಟಿದಳು.

"ನೀ ಏನ್ ಮಾಡ್ತಿ?" ಅಂದೆ.

"ಒಂದು ಕಲ್ಲು ಕೇಳ್ತೀನಿ. ಒಂದು ರೊಟ್ಟಿ ಕೊಡ್ತೀನಿ."

ಕೊಟ್ಟರು ಅಂದೆ. ಪ್ರೀತಿ ಅಡಿಗೆ ಮನೆಗೆ ಓಡಿ ಒಂದು ಹುಣಸೆ ಬೀಜ ತಂದು ಹೊಳೆಯ ಗೆರೆಯ ಮೇಲೆ ಇಟ್ಟಳು.

೬ ಸೆಪ್ಟೆಂಬರ್, ರವಿವಾರ

ನಲವತ್ತೊಂದು ಬೀಜ.

ಪೊಲೀಸ್ ಮೇಡಂ ಕಳ್ಳರನ್ನು ಬಿಟ್ಟು ಕಲ್ಲು ಹೊರುತ್ತಿದ್ದಾಳೆ. ಹುಲಿ ಬೆನ್ನ ಮೇಲೆ ಎರಡೆರಡು ತರುತ್ತದೆ. ಯಾವ ಕಲ್ಲು ಯಾರ ಮನೆಯದು ಅಂತ ಪ್ರೀತಿಗೆ ಬಾಯಿಪಾಠ: ಇದು ಬಳೆಗಾರ ಅಜ್ಜಿಯದು, ಇದು ಗಂಟೆ ಬಾರಿಸುವವನದು, ಇದು ಮೊದಲು ಇಲ್ಲ ಅಂದು ಆಮೇಲೆ ತಾನೇ ಹೊತ್ತು ತಂದ ಸಿಟ್ಟಿನ ಮುದುಕನದು. ಇವರನ್ನೆಲ್ಲ ನಾನೇ ಮಾಡಿದವಳು, ನನಗೇ ಹೆಸರು ಮರೆಯುತ್ತದೆ. ಅವಳಿಗೆ ಮರೆಯುವುದಿಲ್ಲ.

ಕೂಸು ಈಗ ನಗುತ್ತದೆ, ಉಣ್ಣುತ್ತದೆ, ಕೆನ್ನೆ ತುಂಬಿಕೊಂಡಿದೆ. ಓಣಿಯವರು, "ನಿಮ್ಮ ಕೈಗುಣ ಛಲೋ" ಅನ್ನುತ್ತಾರೆ. ಅವಳ ಕೆನ್ನೆ ತುಂಬುತ್ತಿರುವುದು ಹೊಳೆ ದಾಟುವ ಆಸೆಯಿಂದ. ಅದು ನನಗೊಬ್ಬಳಿಗೇ ಗೊತ್ತು.

ದೀಪಾವಳಿಗೆ ಆರು ವಾರ. ಗೌರಾ ದಾಟಿದರೆ ಇವಳೂ ಬರುತ್ತೇನೆ ಅನ್ನುತ್ತಾಳೆ. ಹುಚ್ಚು ಮಾತು ಅಂತ ಗೊತ್ತು. ಗೊತ್ತಿದ್ದರೂ ಮನಸ್ಸಿಗೆ ಹಾಗೇ ಅನಿಸುತ್ತದೆ.

೧೩ ಸೆಪ್ಟೆಂಬರ್, ರವಿವಾರ

ಅರವತ್ತು ಕಲ್ಲು ಆದವು. ಒಡ್ಡು ಈ ದಂಡೆಯಿಂದ ಆ ದಂಡೆಗೆ ಮುಟ್ಟಿತು.

ನಿಲ್ಲುತ್ತದೋ ಇಲ್ಲವೋ ದಾಳ ಹೇಳಬೇಕು. ಹತ್ತು, ಅದಕ್ಕಿಂತ ಮೇಲೆ ಬಿದ್ದರೆ ನಿಂತ ಹಾಗೆ. ನಾನೇ ಮೊದಲು ಹೇಳಿದ್ದೆ. ಮೂರೂ ಮಕ್ಕಳು ಉಸಿರು ಬಿಗಿಹಿಡಿದು ಕೂತವು. ಪ್ರೀತಿ ನನ್ನ ಎದುರಿಗೆ, ಕಂದೀಲಿನ ಮಗ್ಗುಲಲ್ಲಿ.

ಹಾಕಿದೆ. ಹದಿನೆಂಟು.

ಸ್ವಲ್ಪ ಹೊತ್ತು ತಾಟನ್ನೇ ನೋಡಿದೆ. "ಮೂರು," ಅಂದೆ.

ಅಲ್ಲಿಗೆ ಬಿಡಬೇಕಿತ್ತು. ಬಿಡಲಿಲ್ಲ. ಸುಳ್ಳು ಹೇಳಿದವರಿಗೆ ಬಾಯಿ ನಿಲ್ಲುವುದಿಲ್ಲ. ನೀರು ನುಗ್ಗಿತು ಅಂದೆ, ಒಡ್ಡು ಒಡೆಯಿತು ಅಂದೆ, ಕಲ್ಲು ಕೊಟ್ಟವರು ದಂಡೆಯಲ್ಲಿ ನೋಡುತ್ತ ನಿಂತಿದ್ದರು, ಬಳೆಗಾರ ಅಜ್ಜಿ ತೇಲಿಹೋದಳು ಅಂದೆ. ಇನ್ನು ಮೇಲೆ ಯಾರೂ ಕಲ್ಲು ಕೊಡಬಾರದು, ಅದಕ್ಕೆ. ಒಂದು ತಿಂಗಳು ಕಟ್ಟಿದ್ದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ದೊಣ್ಣೆ ನಾನು.

ಶೀತಲ್ ಜಗಳಕ್ಕೆ ಬಂದಳು: "ಅಜ್ಜಿ ಯಾಕ ಸಾಯ್ಬೇಕ್ರಿ? ಆಕಿ ಏನ್ ಮಾಡಿದ್ಲು?" ಹಾಲೇಶ ಅತ್ತ. ಪ್ರೀತಿ ನನ್ನ ಮುಖ ನೋಡುತ್ತಿದ್ದಳು, ಕಣ್ಣು ಮಿಟುಕಿಸದೆ. ಆಮೇಲೆ ಬೀಜಗಳನ್ನು ಒಂದೊಂದಾಗಿ ಆರಿಸಿ ಡಬ್ಬಿಗೆ ಹಾಕಿದಳು. ಬುಟ್ಟಿಯಲ್ಲಿ ರೊಟ್ಟಿ ಉಳಿದಿವೆಯಾ ಅಂತ ಕೇಳಿದೆ, ಮಾತು ಬದಲಿಸಲು.

"ಮುಗದಾವ್ರಿ," ಅಂದಳು.

೨ ಅಕ್ಟೋಬರ್, ಶುಕ್ರವಾರ

ನಾಲ್ಕು ದಿನದಿಂದ ಮಳೆ ಬಿಟ್ಟೇ ಇಲ್ಲ. ಇಂಥ ಮಳೆ ನಾನು ಕಂಡಿಲ್ಲ. ಹಿಂದಿನ ಗೋಡೆ ನೆನೆದು ಕುಸಿಯಿತು. ಜಮಖಂಡಿ ಬಸ್ಸಿಲ್ಲ. ಸಾವಳಗಿಗೆ ಫೋನು ಹತ್ತುತ್ತಿಲ್ಲ. ಎಲ್ಲೆಲ್ಲೋ ಹೊಳೆ ಊರಿಗೆ ಹೊಕ್ಕಿದೆ ಅಂತ ಸುದ್ದಿ.

ಪ್ರೀತಿ ಬಾಗಿಲಲ್ಲಿ ನಿಂತು ನೀರು ನೋಡುತ್ತಾಳೆ. ಅವಳ ಹತ್ತಿರ ಹೋಗಿ ನಿಲ್ಲಲು ನನಗೆ ಧೈರ್ಯವಿಲ್ಲ.

೪ ಅಕ್ಟೋಬರ್, ರವಿವಾರ

ಫೋನು ಹತ್ತಿತು. ಎಲ್ಲರೂ ಸುಖವಾಗಿದ್ದಾರೆ. ಒಂದು ಎಮ್ಮೆ ಹೋಗಿದೆಯಂತೆ, ಅಷ್ಟೇ. ಪ್ರೀತಿ ಅವ್ವನ ಧ್ವನಿ ಕೇಳಿಸಿಕೊಂಡು, ಫೋನು ನನ್ನ ಕೈಗೆ ಕೊಟ್ಟು ಬರೆಯಲು ಕೂತಳು.

೧೯ ಅಕ್ಟೋಬರ್, ದೀಪಾವಳಿ ಪಾಡ್ಯ

ಆಯಿತು.

ಬೆಳಿಗ್ಗೆ ಸಿದರಾಯ, ಭಾಗವ್ವ, ಹಣಮಪ್ಪ ಬಂದರು. ಎಲ್ಲರ ನಡುವೆ ಕೂಸನ್ನು ನಿಲ್ಲಿಸಿ ಸಿದರಾಯ ಕೇಳಿದ: "ಖರೇ ಹೇಳು ಮಗಾ. ಯಾರೂ ಏನೂ ಅನ್ನೂದಿಲ್ಲ. ನಮ್ಮ ಜೋಡಿ ಬರ್ತಿಯೇನು, ಇಲ್ಲೇ ಇರ್ತಿಯೇನು?"

ನಾನು ನೆಲ ನೋಡುತ್ತಿದ್ದೆ.

"ಇರ್ತೀನಿ."

ಭಾಗವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಹಣಮಪ್ಪ, "ಶಾಣ್ಯಾಕಿ" ಅಂದರು, ಆದರೆ ಆ ಮುದುಕನ ದನಿಯಲ್ಲಿ ಸತ್ವ ಇರಲಿಲ್ಲ. ಉಡಿಗೆ ಅಕ್ಕಿ, ಐದು ಉತ್ತತ್ತಿ, ಕೊಬ್ಬರಿ ಬಟ್ಟಲು ಹಾಕಿದರು. ಅದರ ಮೇಲೆ ಭಾಗವ್ವ ಮಗುವನ್ನು ಎತ್ತಿ ನನ್ನ ಉಡಿಯಲ್ಲಿ ಕೂರಿಸಿದಳು. ಎಂಟು ವರ್ಷದ ಹುಡುಗಿ, ಕಾಲು ನೆಲಕ್ಕೆ ತಾಗುತ್ತಿದ್ದವು. ಇನ್ನು ಮೇಲೆ ಇವಳನ್ನ ಅವ್ವ ಅನ್ನಬೇಕು ಅಂತ ಹೇಳಿಕೊಟ್ಟರು. "ಹೂಂ" ಅಂದಳು.

ಹದಿನಾಲ್ಕು ವರ್ಷ ಬೇಡಿಕೊಂಡದ್ದು ಉಡಿಯಲ್ಲಿ ಕೂತಿತ್ತು. ನನಗೆ ಹದಿನೆಂಟು ಅನ್ನುವ ನಂಬರು ಬಿಟ್ಟು ಬೇರೇನೂ ನೆನಪಾಗಲಿಲ್ಲ.

೧೪ ಜನವರಿ ೨೦೧೦, ಸಂಕ್ರಾಂತಿ

ಮೂರು ತಿಂಗಳಾಯಿತು ಬರೆದು. ಬರೆಯುವುದಕ್ಕೆ ಏನೂ ಇರಲಿಲ್ಲ ಅಂದರೆ ಸುಳ್ಳು.

ಪ್ರೀತಿಯಂಥ ಮಗು ಇಲ್ಲ. ಹಾಕಿದ್ದಷ್ಟು ಉಣ್ಣುತ್ತಾಳೆ, ಬಿಡುವುದೂ ಇಲ್ಲ, ಇನ್ನಷ್ಟು ಕೇಳುವುದೂ ಇಲ್ಲ. ಕಂಡಿಕೆ ಸುತ್ತಲು ಕೂರುತ್ತಾಳೆ. ಯಾವ ಲಂಗ ಬೇಕು ಅಂದರೆ, "ನಿಮಗ ಯಾವುದು ಪಾಡ ಕಾಣ್ತೈತಿ ಅದು." ರಸ್ತೆ ಕಡೆ ನೋಡುವುದಿಲ್ಲ. ಓಣಿಯವರ ಬಾಯಲ್ಲಿ, "ಹೆತ್ತ ಮಗಳೂ ಹಿಂಗ ಇರೂದಿಲ್ಲ." ಅದೇ ಮಾತು ನನ್ನನ್ನು ಕೊರೆಯುತ್ತದೆ. ಹೆತ್ತ ಮಗಳಾದರೆ ಹಟ ಮಾಡುತ್ತಿದ್ದಳು. ಇವಳು ಬಂದ ನೆಂಟಳ ಹಾಗೆ ಇದ್ದಾಳೆ.

ಆಟ ಸೆಪ್ಟೆಂಬರಿಗೇ ನಿಂತಿತು. ಹಾಲೇಶ ಮೊನ್ನೆ ಬಾಗಿಲಲ್ಲಿ ನಿಂತು ಕೇಳಿದ: "ಕಾಕು, ಹುಲಿ ಇನ್ನೂ ಹೊಳಿ ದಂಡಿಗೇ ನಿಂತೈತೇನ್ರಿ?" ಹೌದಪ್ಪ ಅಂದೆ. "ಅದಕ್ಕ ಚಳಿ ಆಗೂದಿಲ್ಲೇನು," ಅಂದು ಹೋದ.

ಇವತ್ತು ಎಳ್ಳುಬೆಲ್ಲ ಕೊಡಲು ಚಿದಾನಂದ ಬಂದ. ಆಟ ಹೆಂಗ ನಡದೈತಿ ಅಂದ. ನಿಂತೈತಿ ಅಂದೆ.

"ಅಯ್ಯ, ನಡಸ್ರಿ ಕಾಕು. ಸಣ್ಣ ಹುಡುಗ್ರು ತಮ್ಮ ಬಾಯಿಂದ ಹೇಳಾಕ ಆಗದ್ದನ್ನ ಅದರಾಗ ಹೇಳ್ತಾರ. ನಾವು ಕೇಳಿಸ್ಕೋಬೇಕು ಅಷ್ಟ."

ಅವನಿಗೆ ಚಹಾ ಮಾಡಲು ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಕೇಳಿಸಿಕೊಳ್ಳಲಿಲ್ಲ ಅಂತಲ್ಲ. ಪ್ರತಿಯೊಂದು ಮಾತನ್ನೂ ಕೇಳಿಸಿಕೊಂಡಿದ್ದೆ. ಕೇಳಿಸಿಕೊಂಡೇ ಹೊಳೆಗೆ ನೀರು ಬಿಟ್ಟಿದ್ದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರ ಹತ್ತಿರ ಹೇಳುವುದು.

೨೧ ಮಾರ್ಚ್, ರವಿವಾರ

ಯುಗಾದಿ ಮುಗಿಯಿತು. ಹಬ್ಬಕ್ಕೆ ಭಾಗವ್ವ ಬರಲಿಲ್ಲ. ಬಂದರೆ ಕೂಸಿನ ಮನಸ್ಸು ಕದಡುತ್ತದೆ ಅಂತ ಅವಳೇ ಹೇಳಿ ಕಳಿಸಿದಳು. ಪ್ರೀತಿ "ಹೂಂ" ಅಂದಳು. ಆ ಹೂಂ ಇನ್ನು ನನಗೆ ತಡೆಯಲಾಗಲಿಲ್ಲ.

ಮಧ್ಯಾಹ್ನ ಅವಳು ಕಪಾಟಿನ ಎದುರು ಕೂತು ಪುಸ್ತಕಕ್ಕೆ ರಟ್ಟು ಹಾಕುತ್ತಿದ್ದಳು. ಹತ್ತಿರ ಕೂತೆ. ಹೇಳಿಬಿಟ್ಟೆ.

"ಪ್ರೀತಿ, ಆವತ್ತು ಒಡ್ಡಿಗೆ ಮೂರು ಬಿದ್ದಿರಲಿಲ್ಲ. ನಾ ಸುಳ್ಳು ಹೇಳಿದೆ."

ತಲೆ ಎತ್ತಲಿಲ್ಲ. "ಗೊತ್ತೈತಿ."

"ಏನ್ ಗೊತ್ತೈತಿ?"

"ಹದಿನೆಂಟು ಬಿದ್ದಿತ್ತು."

ಕತ್ತರಿಯ ತುದಿಯಿಂದ ಕಪಾಟಿನ ಕನ್ನಡಿ ತೋರಿಸಿದಳು. "ನೀವು ಅಲ್ಲೇ ಒರಗಿ ಕುಂದರತಿದ್ರಿ. ನಿಮ್ಮ ತಾಟು ಅದರಾಗ ಕಾಣ್ತಿತ್ತು. ಆವತ್ತು ಎಂಬತ್ತೊಂದು ಅಂತ ಕಾಣಸ್ತು. ದಾಳದಾಗ ಎಂಬತ್ತೊಂದು ಇರೂದಿಲ್ಲಲ್ಲ. ಹೊಳ್ಳಿಸಿ ಓದಿದೆ."

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಪ್ಯಾಡ್ ಅಡ್ಡ ಇಟ್ಟುಕೊಂಡು ಎಷ್ಟು ಜಾಣೆ ಅಂದುಕೊಂಡಿದ್ದೆ. ಬೆನ್ನ ಹಿಂದೆ ತವರಿನ ಕನ್ನಡಿ.

"ಮತ್ತ ಯಾಕ ಸುಮ್ಮನಾದಿ? ಸುಳ್ಳು ಅನ್ನಬೇಕಿತ್ತಲ್ಲ."

ರಟ್ಟಿನ ಅಂಚು ಮಡಚಿದಳು, ಉಗುರಿನಿಂದ ತೀಡಿದಳು. "ನಿಮ್ಮ ಕೈ ನಡಗಾಕತ್ತಿತ್ತು. ಗೌರಾ ಹೋಗಬಾರದು ಅಂತ ನಿಮಗ ಭಾಳ ಐತಿ ಅಂತ ಗೊತ್ತಾತು. ನಮ್ಮವ್ವಗ ಇನ್ನಾ ಮೂರು ಮಂದಿ ಅದಾರ. ನಿಮಗ ಯಾರೂ ಇಲ್ಲ. ಅದಕ್ಕ ಇರ್ತೀನಿ ಅಂದೆ."

ಅಷ್ಟೇ ಹೇಳಿ ಇನ್ನೊಂದು ಪುಸ್ತಕ ತೆಗೆದುಕೊಂಡಳು.

ನಾನು ಮಗುವನ್ನು ಮೋಸದಿಂದ ಉಳಿಸಿಕೊಂಡೆ ಅಂತ ಆರು ತಿಂಗಳು ಬೇಯುತ್ತಿದ್ದೆ. ಮೋಸ ಹೋದವಳು ಅವಳಲ್ಲ. ಅರವತ್ತು ಮನೆಯವರಿಂದ ಕಲ್ಲು ಕೇಳಿದ ಹುಡುಗಿ, ನನ್ನ ಬಾಗಿಲಿಗೆ ಬಂದಾಗ ತನ್ನನ್ನೇ ಕೊಟ್ಟಳು. ನಾನು ತೆಗೆದುಕೊಂಡೆ.

೨೮ ಮಾರ್ಚ್, ರವಿವಾರ

ಇವರಿಗೆ ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಗ್ರಾಫ್ ಹಾಳೆಯ ಮೇಲೆ ಪೆನ್ಸಿಲ್ ಹಾಗೇ ಹಿಡಿದು ಕೂತರು. "ಒಂದು ಚೌಕ ತಪ್ಪಿದ್ರ ಇಡೀ ದಡಿ ತಪ್ಪತೈತಿ," ಅಂದರು. "ಅಳಿಸಿ ಬರಿಯಾಕ ಬರ್ತೈತಿ. ಹಾಳಿ ಹೊಲಸಾಗ್ತೈತಿ, ಆಗ್ಲಿ."

ಭಾಗವ್ವನಿಗೂ ಫೋನು ಮಾಡಿದೆ. "ಉಡಿಯಾಗ ಹಾಕಿದ ಕೂಸನ್ನ ತಿರುಗಿ ಕಳಸ್ತಾರೇನು ಅಕ್ಕಾ? ಮಂದಿ ಏನಂತಾರ?"

"ಅನ್ನೂದೆಲ್ಲ ನನಗ ಅನ್ಲಿ. ಕೂಸನ್ನ ಇನ್ನೊಮ್ಮೆ ಕೇಳ್ತೀನಿ. ಈ ಸಲ ಖರೇನ ಕೇಳ್ತೀನಿ."

ಫೋನಿಟ್ಟೆ. ಹೋಗುತ್ತೇನೆ ಅಂದುಬಿಟ್ಟರೆ... ಅನ್ನಲಿ ಅಂತಲೇ ಕೇಳುವುದು. ಅನ್ನದಿದ್ದರೆ ಸಾಕು ಅಂತಲೂ ಅನಿಸುತ್ತದೆ. ಸುಳ್ಳು ಯಾಕೆ ಬರೆಯಲಿ.

೧೦ ಏಪ್ರಿಲ್, ಶನಿವಾರ

ಸಾಲೆಗೆ ಇವತ್ತು ಸೂಟಿ ಬಿಟ್ಟಿತು. ಹಳೆಯ ಹಾಳೆ ಹಾಸಿದೆ. ಶೀತಲ್, ಹಾಲೇಶನನ್ನು ಕರೆದೆ. ಪ್ಯಾಡ್ ಇಡಲಿಲ್ಲ. ಕಪಾಟಿಗೆ ಒರಗಲೂ ಇಲ್ಲ, ನಡುಮನೆಯಲ್ಲಿ ಕೂತೆ. ಬೆನ್ನು ನೋಯಲಿ.

"ಆವತ್ತು ಒಡ್ಡು ಒಡೆದಿರಲಿಲ್ಲ," ಅಂದೆ. "ಹದಿನೆಂಟು ಬಿದ್ದಿತ್ತು. ನಾ ತಪ್ಪು ಹೇಳಿದ್ದೆ. ಬಳೆಗಾರ ಅಜ್ಜಿ ಸತ್ತಿಲ್ಲ."

ಶೀತಲ್ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ದೊಡ್ಡವರು ಆಗಿ ಹಂಗ ಮಾಡಬಾರದ್ರಿ ಕಾಕು." ಹೌದವ್ವ ಅಂದೆ. ಹಾಲೇಶನಿಗೆ ಅದೆಲ್ಲ ಬೇಡ. "ಅಂದ್ರ ಹುಲಿ ದಾಟಬಹುದೇನ್ರಿ?" ದಾಟಬಹುದು ಅಂದೆ. ದಾಟಿಸಿ ಆ ದಂಡೆಯಲ್ಲಿ ಬಿಸಿಲಿಗೆ ಮಲಗಿಸಿದ.

ಪ್ರೀತಿ ಡಬ್ಬಿ ತಂದಿದ್ದಳು. ಬೀಜಗಳ ಮೇಲೆ ಧೂಳೂ ಇರಲಿಲ್ಲ. ಒಂದೊಂದೇ ಇಟ್ಟಳು, ಯಾರ ಮನೆಯದು ಅಂತ ಹೆಸರು ಹೇಳಿ. ಒಂದೂ ಮರೆತಿರಲಿಲ್ಲ.

"ಗೌರಾ," ಅಂದೆ. "ಒಡ್ಡು ಐತಿ. ನೀರು ಇಳದೈತಿ. ನೀ ಏನ್ ಮಾಡ್ತಿ?"

"ದಾಳ ಹಾಕಬೇಕೇನ್ರಿ?"

"ಬ್ಯಾಡ. ಇದಕ್ಕ ದಾಳ ಇಲ್ಲ."

ಬೆರಳನ್ನು ಬೀಜದ ಮೇಲಿಂದ ಬೀಜಕ್ಕೆ ನಡೆಸಿದಳು. ಅವಸರ ಮಾಡಲಿಲ್ಲ. ಆ ದಂಡೆ ಮುಟ್ಟಿದಾಗ, ಅಲ್ಲಿ ಯಾರಿದ್ದಾರೆ ಅಂತ ಹೇಳಬೇಕಾದವಳು ನಾನು. ಅವಳೇ ಹೇಳಿದಳು: "ಅವ್ವ ಬಾಗಲದಾಗ ನಿಂತಾಳ."

ಆಮೇಲೆ ಅತ್ತಳು. ಜೂನಿನಿಂದ ಅಳದಿದ್ದದ್ದೆಲ್ಲ ಅತ್ತಳು. ಶೀತಲ್ ಹಾಲೇಶನ ಕೈ ಹಿಡಿದು ಹೊರಗೆ ಕರೆದುಕೊಂಡು ಹೋದಳು. ಮಾತಿನ ಮಲ್ಲಿಗೆ ತಿಳಿವಳಿಕೆಯೂ ಇದೆ.

"ಗೌರಾಂದು ಆತು," ಅಂದೆ. "ಪ್ರೀತಿ ಏನ್ ಮಾಡ್ತಾಳ?"

"ನಾ ಹೇಳಿದ್ರ ನೀವು ಅಳ್ತೀರಿ."

"ಅಳ್ತೀನಿ. ಅತ್ರ ಏನಾತು. ಅಳೂದು ನನ್ನ ಕೆಲಸ, ನಿಂದಲ್ಲ."

ಸೆರಗಿನಲ್ಲಿ ಮೂಗು ಒರೆಸಿಕೊಂಡಳು, ನನ್ನ ಸೆರಗಿನಲ್ಲೇ. "ಹೋಗ್ತೀನಿ," ಅಂದಳು.

ಅತ್ತೆ. ಹೇಳಿದ ಹಾಗೆ.

೧೧ ಏಪ್ರಿಲ್, ರವಿವಾರ, ಬೆಳಿಗ್ಗೆ ಆರು

ಏಳೂವರೆಗೆ ಬಸ್ಸು. ನಾನೇ ಹೋಗುತ್ತೇನೆ, ಜಮಖಂಡಿ ಮೇಲಿಂದ ಹೊಳೆ ದಾಟಿಸಿ ಸಾವಳಗಿಗೇ ಮುಟ್ಟಿಸಿ ಬರುತ್ತೇನೆ. ಭಾಗವ್ವ ಬಸ್‌ಸ್ಟ್ಯಾಂಡಿಗೆ ಬರುತ್ತೇನೆ ಅಂದಳು, ಬೇಡ, ಬಾಗಿಲಲ್ಲೇ ನಿಂತಿರು ಅಂದೆ. ಯಾಕೆ ಅಂತ ಅವಳಿಗೆ ತಿಳಿಯಲಿಲ್ಲ.

ರೊಟ್ಟಿ ಕಟ್ಟಿದ್ದೇನೆ, ಬುಟ್ಟಿಯಲ್ಲಿ. ಲಂಗ ನಾಲ್ಕು. ಪುಸ್ತಕ. ಎಣ್ಣೆ ಬಾಟಲಿ. ಇವರು ಹೊಸ ಗ್ರಾಫ್ ಹಾಳೆ ಹತ್ತು ಸುತ್ತಿ ಕೊಟ್ಟು, ಎಷ್ಟು ದಿನಕ್ಕೆ ಅಂತ ಕೇಳದೆ, ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತಿದ್ದಾರೆ. ರಸ್ತೆ ಕಡೆ ಮುಖ.

ದಾಳವನ್ನು ಚೀಲದಲ್ಲಿ ಹಾಕಿದ್ದೆ. ಈಗ ನೋಡಿದರೆ ಕಪಾಟಿನ ಮುಂದೆ ಇದೆ, ತಾಟಿನಲ್ಲಿ. ಯಾಕೆ ತೆಗೆದಿ ಅಂತ ಕೇಳಿದೆ. ಜಡೆ ಹಾಕಿಸಿಕೊಳ್ಳಲು ಕೂತವಳು ಕನ್ನಡಿಯಲ್ಲೇ ನನ್ನನ್ನು ನೋಡಿ ಹೇಳಿದಳು: "ಇಲ್ಲೇ ಇರ್ಲಿ. ಪಂಚಮಿಗೆ ಬಂದಾಗ ಬೇಕಾಗ್ತೈತಿ, ದೊಡ್ಡವ್ವ."

ದೊಡ್ಡವ್ವ. ಆರು ತಿಂಗಳ ಮೇಲೆ ಆ ಹೆಸರು. ಎದೆಗೆ ಚುಚ್ಚಿತು. ಆದರೆ ಅವಳು ನನ್ನನ್ನು ಕರೆದದ್ದರಲ್ಲಿ ಖರೆ ಅನಿಸಿದ್ದು ಇದೊಂದೇ. ಒಂದು ಜಡೆ ಆಯಿತು. ಇನ್ನೊಂದು ಹಾಕಬೇಕು, ಕರೆಯುತ್ತಿದ್ದಾಳೆ, ಬಂದೆ ಅಂದೆ, ರಿಬ್ಬನ್ನು ನನ್ನ ಕೈಯಲ್ಲೇ ಇದೆ —